ಹೊಗೆ ಹೀರುವ ಪಾಚಿ: ಲೆಕ್ಕ ಹಾಕಿ ಕೊಳ ತೋಡಿ

ಪಾಚಿ ಬೆಳೆಸಿದರೆ ಅದು ಇಂಗಾಲಾಮ್ಲ ಅನಿಲವನ್ನು ಹೀರುತ್ತದೆ, ಮಾರಿದರೆ ಹಣವೂ ಬರುತ್ತದೆ ಎಂಬ ಮಾತು ವೈದ್ಯನಾಥಪುರದ ಕಡೆಯೂ ಕೇಳಿಬರುತ್ತಿದೆ. ಕೊಳ ತೋಡಲು ಸಾಲ ಸಿಕ್ಕೀತೇ ಎಂದು ಕೆಲವು ಸದಸ್ಯರು ವಿಚಾರಿಸಿದ್ದಾರೆ. ಬೆಳೆಗಾರ ಬಂಧುಗಳು ಮೊದಲು ಲೆಕ್ಕ ನೋಡುವುದು ಒಳಿತು.

ವಿಷಯ ಸುಳ್ಳಲ್ಲ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯಲ್ಲಿ 1970ರ ದಶಕದಲ್ಲೇ ಆಹಾರಕ್ಕಾಗಿ ಪಾಚಿ ಬೆಳೆಸುವ ಸಂಶೋಧನೆ ನಡೆಯಿತು. 1 ಕಿಲೋ ಒಣ ಪಾಚಿ ಬೆಳೆಯಲು ಸುಮಾರು 1.8 ಕಿಲೋ ಇಂಗಾಲಾಮ್ಲ ಬೇಕು. ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ಇಳುವರಿ ಬಂದರೆ, ಎಕರೆ ಕೊಳ ಹೀರುವುದು 72 ಕಿಲೋ ಮಾತ್ರ.

ಕಬ್ಬಿನ ಕಾಕಂಬಿ ಹುದುಗಿಸಿ 1 ಟನ್ ಮದ್ಯಸಾರ ತೆಗೆದರೆ ಹೆಚ್ಚು ಕಡಿಮೆ ಅಷ್ಟೇ ತೂಕದ ಇಂಗಾಲಾಮ್ಲ ಹೊರಬೀಳುತ್ತದೆ. ದಿನಕ್ಕೆ ಅಷ್ಟನ್ನು ಹೀರಲು 13-14 ಎಕರೆ ಕೊಳ ಬೇಕು. ಆದರೂ ಪಾಚಿಗೆ ತಕ್ಕ ಜಾಗ ಅಂಥ ಕಾರ್ಖಾನೆಯ ಪಕ್ಕವೇ. ಅನಿಲ ಅಲ್ಲೇ ಸಿಗುತ್ತದೆ. ನಮ್ಮ ತೋಟದ ಗಾಳಿಯಲ್ಲಿ ಅದು ಹತ್ತು ಸಾವಿರಕ್ಕೆ ನಾಲ್ಕು ಪಾಲು ಮಾತ್ರ. ಒಳ್ಳೆಯ ಇಳುವರಿ ಬೇಕಾದರೆ ಅನಿಲವನ್ನೋ ಸೋಡಾ ಪುಡಿಯನ್ನೋ ಕೊಂಡು ಹಾಕಬೇಕು. ಬೇಸಿಗೆಯಲ್ಲಿ ಕೊಳದಿಂದ ಆವಿಯಾಗುವುದು ಅಡಿಕೆಗೆ ಸಲ್ಲಬೇಕಾದ ನೀರು.

ಇನ್ನೊಂದು ಮಾತು. ಪಾಚಿಯನ್ನು ತಿಂದರೂ ಕೊಳೆತರೂ ಹೀರಿದ ಇಂಗಾಲ ಬಹುಪಾಲು ಗಾಳಿಗೇ ಮರಳುತ್ತದೆ. ಕಾಫಿಗೆ ನೆರಳು ಕೊಡುವ ಹಲಸು, ಬದುವಿನ ಹೊಂಗೆ ಅದನ್ನು ಮರದಲ್ಲಿ ವರ್ಷಗಟ್ಟಲೆ ಹಿಡಿದಿಡುತ್ತವೆ; ಸಾಲವನ್ನೂ ಕೇಳುವುದಿಲ್ಲ.

ಆಸಕ್ತಿಯಿದ್ದವರು ಮೊದಲು ಒಂದು ತೊಟ್ಟಿಯಲ್ಲಿ ಬೆಳೆದು ನೋಡಲಿ. ಕೊಳ್ಳುವವರ ಲಿಖಿತ ಒಪ್ಪಂದ ಕೈಗೆ ಬಾರದೆ ಯಾರೂ ತೋಟಕ್ಕೆ ಗುದ್ದಲಿ ಹಾಕಬಾರದೆಂದು ನಮ್ಮ ವಿನಂತಿ.