ಬಂದ ಮಾತು, ಹೋದ ಮಾತು

ವಾಚಕರೆ, ನಮ್ಮ ಯಡ್ರಾಮಿಯ ಸಂತೆಯಲ್ಲಿ ಒಂದು ತಾಸು ಸುಮ್ಮನೆ ನಿಂತು, ಜನ ಆಡುವ ಮಾತಿಗೆ ಕಿವಿಗೊಡಿರಿ. ಒಬ್ಬಾಕೆ ಬಟಾಟಿಯ ಬೆಲೆ ಕೇಳುತ್ತಾಳೆ. ಇನ್ನೊಬ್ಬ ಮನೆಯ ಚಾವಿ ಕಳೆದುಕೊಂಡು ಹುಡುಕುತ್ತಾನೆ. ಮಗನ ಪಗಾರ ಬಂದಿಲ್ಲವೆಂದು ಮತ್ತೊಬ್ಬ ಕೊರಗುತ್ತಾನೆ. ಮದುವೆಗೆ ಹೊರಟವನೊಬ್ಬನು ಅಂಗಿಗೆ ಇಸ್ತ್ರಿ ಆಗಿಲ್ಲವೆಂದು ಅವಸರಪಡುತ್ತಾನೆ. ಬಟಾಟಿ, ಚಾವಿ, ಪಗಾರ, ಇಸ್ತ್ರಿ ಈ ನಾಲ್ಕೂ ಪೋರ್ತುಗೀಜರ ಮಾತುಗಳು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಮಾತುಗಳು ಘಟ್ಟ ಹತ್ತಿ, ಮರಾಠಿಯ ಹೆಗಲೇರಿ ಭೀಮಾತೀರದ ವರೆಗೆ ಬಂದವು. ಇವು ಪರದೇಶದವೆಂದು ಸಂತೆಯಲ್ಲಿ ಯಾರಿಗಾದರೂ ಹೇಳಿದರೆ ನಕ್ಕಾರು.

ಪಾಶ್ಚಾತ್ಯರಿಂದ ನಮ್ಮ ಭಾಷೆ ಕೆಟ್ಟಿತೆಂದು ಕೆಲವರು ಮರುಗುತ್ತಾರೆ. ಅದರಿಂದಲೇ ಬೆಳೆಯಿತೆಂದು ಕೆಲವರು ಹಿಗ್ಗುತ್ತಾರೆ. ಈ ವಾದ ಹೊಸದೇನಲ್ಲ. ತುಪ್ಪಕ್ಕೆ ಎಣ್ಣೆ ಬೆರಸುವುದು ತಕ್ಕುದೆ ಎಂದು ಸಂಸ್ಕೃತದ ವಿಷಯವಾಗಿ ಮುಳಗುಂದದ ನಯಸೇನನು 12ನೆಯ ಶತಮಾನದಲ್ಲಿಯೇ ಆಕ್ಷೇಪವೆತ್ತಿದ್ದನು. ಹಾಗೆ ಕೇಳಿದವನು ತಾನೂ ಸಂಸ್ಕೃತವನ್ನು ಪೂರ್ತಿಯಾಗಿ ಬಿಡಲಿಲ್ಲ. ಬಹುಕಾಲ ಕನ್ನಡ ಕಲಿಸಿದ ನನಗೆ ತೋರುವುದಿಷ್ಟು: ಬಂದ ಮಾತುಗಳನ್ನು ಎಣಿಸಿ ಫಲವಿಲ್ಲ, ಹೋದ ಮಾತುಗಳನ್ನು ಎಣಿಸಬೇಕು.

ಮೊದಲು ಬಂದವುಗಳ ಕತೆ. ನಮ್ಮ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಅಲ್ಲಿ ಕಚೇರಿಯ ಭಾಷೆ ಮೊದಲು ಪಾರಸಿ, 19ನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. ಅರ್ಜಿ, ದಾವೆ, ಜಮೀನು, ವಕೀಲ ಎಂಬವು ಆ ದಾರಿಯಿಂದ ಬಂದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಶ್ಚಾತ್ಯ ಶಾಸ್ತ್ರಗಳನ್ನು ಸಹ ಉರ್ದುವಿನಲ್ಲಿಯೇ ಕಲಿಸಿದರು. ಹೀಗಾಗಿ ಮೈಸೂರು, ಧಾರವಾಡಗಳಲ್ಲಿ ಇಂಗ್ಲಿಷು ನೇರವಾಗಿ ಬಾಗಿಲು ತಟ್ಟಿದರೆ, ನಮ್ಮಲ್ಲಿ ಬಹುಮಟ್ಟಿಗೆ ಉರ್ದುವಿನ ಹಿಂದೆ ನಿಂತು ಇಣಿಕಿತು. ಆಸ್ಪತ್ರೆ ಎನ್ನುವ ಕಡೆ ನಾವು ಇಂದಿಗೂ ದವಾಖಾನಿ ಎನ್ನುವುದು ಇದರಿಂದಲೇ. ಇನ್ನೊಂದು ದಾರಿ ರೈಲಿನದು. ಮುಂಬಯಿ ಮದರಾಸುಗಳ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲು 1874ರಲ್ಲಿ ಓಡತೊಡಗಿತು. ಆ ಹಳಿ ಯಡ್ರಾಮಿಗೆ ಬರಲಿಲ್ಲ. ರೈಲು ಕಾಣಲು ನಮ್ಮವರು ಭೀಮಾನದಿಯನ್ನು ದಾಟಬೇಕಾಗಿತ್ತು. ಆದರೆ ದಾಟಿ ಹೋದವರು ಟಿಕೀಟು, ಟೇಸನ್ನು, ಇಂಜಿನ್ನು ಎಂಬ ಮಾತುಗಳನ್ನು ಗಂಟು ಕಟ್ಟಿಕೊಂಡು ಬಂದರು.

ಈ ಮಾತುಗಳನ್ನು ನಮ್ಮ ಅಕ್ಷರವರಿಯದ ಹಿರಿಯರು ಹೇಗೆ ಪಳಗಿಸಿದರೆಂಬುದು ಬೆರಗಿನ ಸಂಗತಿ. ಸಂಸ್ಕೃತದ ಶಬ್ದಗಳು ಕನ್ನಡಕ್ಕೆ ಬರುವಾಗ ಹೇಗೆ ರೂಪ ಬದಲಿಸುತ್ತವೆಂಬುದನ್ನು 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿವರಿಸಿದ್ದಾನೆ. ಪದದ ಮೊದಲಲ್ಲಿ ಒತ್ತಕ್ಷರವಿದ್ದರೆ ಆಡುವ ಬಾಯಿಗೆ ಅದು ತೊಡಕು. ಆದುದರಿಂದ ಅದನ್ನು ಬಿಡಿಸುತ್ತೇವೆ, ಇಲ್ಲವೆ ಒಂದನ್ನು ಉದುರಿಸುತ್ತೇವೆ. ಶ್ರೀ ಎಂಬುದು ಸಿರಿಯಾಯಿತು, ಸ್ಥಾನವು ತಾಣವಾಯಿತು. ಸ್ಟೇಷನ್ನು ಟೇಸನ್ನಾದದ್ದು ಇದೇ ನಿಯಮದಿಂದಲ್ಲವೆ? ಸ್ಕೂಲಿನ ಮುಂದೆ ಒಂದು ಇಕಾರವನ್ನು ನಿಲ್ಲಿಸಿ ಇಸ್ಕೂಲೆಂದರು. ಬಸ್ ಎಂಬುದಕ್ಕೆ ಕೊನೆಯಲ್ಲಿ ಉಕಾರವನ್ನಿತ್ತು ಬಸ್ಸೆಂದರು. ಬಳಿಕ ಬಸ್ಸಿನಾಗ, ಬಸ್ಸಿಗಿ ಎಂದು ನಮ್ಮ ವಿಭಕ್ತಿಗಳನ್ನು ಹಚ್ಚಿದರು. ಅರ್ಥವನ್ನೂ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಚಿಮಣಿಯೆಂದರೆ ದೀಪದ ಮೇಲಿನ ಗಾಜು. ನಮ್ಮಲ್ಲಿ ಆ ಪುಟ್ಟ ದೀಪವೇ ಚಿಮಣಿ, ಅದಕ್ಕೆ ಹಾಕುವುದು ಚಿಮಣಿ ಎಣ್ಣಿ. ಕೇಶಿರಾಜನ ಹೆಸರು ಕೇಳದವರೂ ಅವನ ಸೂತ್ರಕ್ಕೆ ತಪ್ಪದೆ ನಡೆದರು!

ಇನ್ನೊಂದು ಬಗೆಯೂ ಉಂಟು. ವಸ್ತು ಹೊರಗಿನದು, ಹೆಸರು ನಮ್ಮದು. ಮೆಣಸಿನಕಾಯಿಯ ಗಿಡ ಅಮೆರಿಕಾ ಖಂಡದ್ದು. ಪೋರ್ತುಗೀಜರು ಅದನ್ನು ತಂದಾಗ ನಮ್ಮವರು ತಮಗೆ ಗೊತ್ತಿದ್ದ ಮೆಣಸಿನ ಹೆಸರನ್ನೇ ಅದಕ್ಕಿಟ್ಟರು. ನೀವು ಕೇಳುವ ರೇಡಿಯೋ ಯಂತ್ರವೂ ಪಶ್ಚಿಮದ್ದೇ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ಮನೆಯಿಂದ ಹೊರಟ ಪ್ರಸಾರಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. ಮುಂದೆ ದೇಶಕ್ಕೆಲ್ಲ ಅದೇ ಹೆಸರಾಯಿತು. ಪಶ್ಚಿಮದವರಿಂದ ನಾವು ಪಡೆದ ಉಪಕಾರವನ್ನೂ ಮರೆಯಲಾಗದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ತೆರೆಯದೆ ನನ್ನಂಥ ಪಂಡಿತರ ಪಾಠ ಸಾಗುವುದಿಲ್ಲ. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವರೂ ಜರ್ಮನಿಯ ಮೋಗ್ಲಿಂಗರೇ.

ಹಾಗಾದರೆ ಚಿಂತೆ ಯಾವುದರದು? ಕಳೆದ ವರ್ಷದ ಒಂದು ಸಂಗತಿ ಹೇಳುತ್ತೇನೆ. ಬ್ಯಾಂಕಿನ ಬಾಗಿಲಲ್ಲಿ ಒಬ್ಬ ಮುದುಕಿ, ಜೊತೆಗೆ ಎಂಟನೆಯ ತರಗತಿಯ ಮೊಮ್ಮಗ. ಖಾತೆಯಲ್ಲಿ ಎಷ್ಟಿದೆಯೆಂದು ಆಕೆ ಕೇಳಿದಳು. ಹುಡುಗ ಮೊಬೈಲು ನೋಡಿ, ವನ್ ಥೌಸಂಡ್ ಎಯ್ಟ್ ಹಂಡ್ರೆಡ್ ಸೆವೆಂಟಿ ನೈನ್ ಎಂದ. "ಕನ್ನಡದಾಗ ಹೇಳೋ ನನ್ನಪ್ಪಾ" ಎಂದಳು ಆಕೆ. ಹುಡುಗ ಸಾವಿರದ ಎಂಟುನೂರು ಎಂದವನು ಮುಂದೆ ತಡವರಿಸಿದ. ನನ್ನನ್ನು ಕಂಡು, "ಸರ್, ಸೆವೆಂಟಿ ನೈನ್ ಅಂದ್ರ ಅರವತ್ತೊಂಬತ್ತೇನ್ರಿ, ಎಪ್ಪತ್ತೊಂಬತ್ತೇನ್ರಿ?" ಎಂದು ಕೇಳಿದ. ಅವನು ಮಂಕನಲ್ಲ, ಗಣಿತದಲ್ಲಿ ಒಳ್ಳೆಯ ಅಂಕ ಪಡೆಯುವ ಹುಡುಗ. ಆದರೆ ತನ್ನ ಅಜ್ಜಿಗೆ ಅವಳ ಹಣದ ಲೆಕ್ಕ ಹೇಳಲಾರದೆ ಹೋದ.

ಯೋಚಿಸಿ ನೋಡಿರಿ. ಆ ಮುದುಕಿ ತೆಗೆಯಲು ಬಂದಿದ್ದುದು ತನ್ನ ಪಿಂಚಣಿಯನ್ನು. ಪಿಂಚಣಿ ಇಂಗ್ಲಿಷಿನದು, ಆದರೂ ಅವಳ ಬಾಯಲ್ಲಿ ಅದು ಅಚ್ಚ ಕನ್ನಡ. ಎಪ್ಪತ್ತೊಂಬತ್ತು ಕನ್ನಡದ್ದು, ಮೊಮ್ಮಗನ ಕಿವಿಗೆ ಅದು ಪರಭಾಷೆ. ಬಂದ ಮಾತು ಯಾರನ್ನೂ ಅಗಲಿಸಲಿಲ್ಲ, ಹೋದ ಮಾತು ಅಜ್ಜಿ ಮೊಮ್ಮಗನ ನಡುವೆ ಗೋಡೆಯೆಬ್ಬಿಸಿತು.

ಸಂಖ್ಯೆಗಳಂತೆಯೇ ಕ್ರಿಯಾಪದಗಳೂ ಹೋಗುತ್ತಿವೆ. ನಾವು ಕಟ್ಟಿಗೆ ಕಡಿಯುತ್ತೇವೆ, ಬಟ್ಟೆ ಕತ್ತರಿಸುತ್ತೇವೆ, ಕಾಯಿಪಲ್ಲೆ ಹೆಚ್ಚುತ್ತೇವೆ, ಜೋಳದ ತೆನೆ ಕೊಯ್ಯುತ್ತೇವೆ. ಈ ನಾಲ್ಕಕ್ಕೂ ಈಗ ಮಕ್ಕಳಿಗೆ ಕಟ್ ಮಾಡುವುದೊಂದೇ ಗೊತ್ತು. ನಂಟಿನ ಮಾತುಗಳ ಪಾಡೂ ಅದೇ. ಕಾಕಾ, ಮಾಮಾ, ದೊಡ್ಡಪ್ಪ ಮೂವರೂ ಅಂಕಲ್ಲಿನಲ್ಲಿ ಕರಗಿದರು. ಕಾಕಾನ ಮಗಳು ತಂಗಿ, ಮಾಮಾನ ಮಗಳನ್ನು ಮದುವೆಯಾಗುವ ವಾಡಿಕೆಯುಂಟು ಎಂಬ ತಿಳುವಳಿಕೆಯನ್ನೆಲ್ಲ ನಮ್ಮ ಮಾತೇ ಹೊತ್ತಿತ್ತು. ಅಂಕಲ್ಲು ಅದನ್ನು ಹೊರಲಾರದು.

ನಮ್ಮ ಸೀಮೆಗೆ ಈ ನಷ್ಟ ಹೆಚ್ಚಿನದು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿ, 1956ರಲ್ಲಿ ನಾವು ಕನ್ನಡ ನಾಡಿನೊಡನೆ ಕೂಡಿದ ಮೇಲೆಯೇ ಕಚೇರಿ, ಹೈಸ್ಕೂಲುಗಳಲ್ಲಿ ಕನ್ನಡ ಚೆನ್ನಾಗಿ ಬೇರೂರಿದ್ದು. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮದೇ ಜಿಲ್ಲೆಯಲ್ಲಿದ್ದರೂ, ಕನ್ನಡದಲ್ಲಿ ಓದುವ ಭಾಗ್ಯ ನಮಗೆ ಅಷ್ಟು ತಡವಾಗಿ ಬಂದಿತು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಇಂಗ್ಲಿಷ್ ಮಾಧ್ಯಮದ ಹಂಬಲ ಹಳ್ಳಿಗೂ ಮುಟ್ಟಿದೆ. 2019ರಲ್ಲಿ ಸರಕಾರವೇ ರಾಜ್ಯದ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಹೊಟ್ಟೆಪಾಡಿಗೆ ಇಂಗ್ಲಿಷು ಬೇಕೆಂಬ ತಾಯಿತಂದೆಗಳನ್ನು ನಾನು ದೂರಲಾರೆ. ಉರ್ದು ಕಲಿತವರಿಗೆ ಅಂದು ನೌಕರಿ. ಇಂಗ್ಲಿಷು ಕಲಿತವರಿಗೆ ಇಂದು ನೌಕರಿ.

ಆದರೆ ಉರ್ದು ಕಲಿತ ಹಿರಿಯರು ಮನೆಯಲ್ಲಿ ಕನ್ನಡದಲ್ಲಿಯೇ ಎಣಿಸಿದರು, ಕನ್ನಡದಲ್ಲಿಯೇ ಜಗಳಾಡಿದರು. ಪರಭಾಷೆಯನ್ನು ಕಚೇರಿಯ ಹೊಸ್ತಿಲಲ್ಲಿ ಕಳಚಿಟ್ಟು ಮನೆಗೆ ಬಂದರು. ಆ ಜಾಣತನವಷ್ಟೆ ಈಗ ಬೇಕಾದುದು. ಅದಕ್ಕೆ ಸಭೆ, ಠರಾವುಗಳು ಬೇಡ. ಮಗುವಿನಿಂದ ದಿನಕ್ಕೊಮ್ಮೆ ಕನ್ನಡದಲ್ಲಿ ನೂರರ ವರೆಗೆ ಎಣಿಸಿಸಿರಿ. ಸಂತೆಗೆ ಕರೆದುಕೊಂಡು ಹೋಗಿ ಚಿಲ್ಲರೆಯ ಲೆಕ್ಕ ಅದರಿಂದಲೇ ಹೇಳಿಸಿರಿ. ರೊಟ್ಟಿ ಬಡಿಯುವಾಗ ಹತ್ತಿರ ಕೂಡಿಸಿಕೊಂಡು, ಹಿಟ್ಟನ್ನು ಕಲಸುವುದು ಬೇರೆ, ನಾದುವುದು ಬೇರೆಯೆಂದು ತೋರಿಸಿರಿ. ಆ ಹುಡುಗನಿಗೆ ನಾನು ಮರುದಿನದಿಂದ ಅದನ್ನೇ ಮಾಡಿಸಿದೆ. ಈಗ ಅವನು ಅಜ್ಜಿಯ ಪಿಂಚಣಿಯ ಲೆಕ್ಕವನ್ನು ತಡವರಿಸದೆ ಹೇಳುತ್ತಾನೆ.