ಕೀ ತಿರುಗಿತು, ಕಾರು ಕದಲಲಿಲ್ಲ!

ಕಲ್ಯ (ಮಾಗಡಿ ತಾ.): 1368ರಲ್ಲಿ ಬುಕ್ಕರಾಯ ಜೈನ-ವೈಷ್ಣವರ ವ್ಯಾಜ್ಯ ಬಗೆಹರಿಸಿದ ಶಾಸನ ಇರುವ ಊರಿದು. ಆದರೆ ಇಲ್ಲಿನ ರಸ್ತೆಯಲ್ಲಿ ಹಳೇ ಕಾರೊಂದು ಕೆಟ್ಟು ನಿಂತರೆ ಮಾತ್ರ ವಿಚಾರಣೆಯೇ ಇಲ್ಲ. "ಬ್ಯಾಟ್ರಿ ಹೋಗೈತೆ" ಎಂದು ನೇರ ತೀರ್ಪು! ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಸುರಿದ ಮೇಲೆ ಗೊತ್ತಾಗುತ್ತದೆ, ಕಳ್ಳ ಕುಳಿತಿದ್ದು ಕೀ ಸ್ವಿಚ್ಚಿನೊಳಗೆ.

ಪತ್ತೆ ಕಷ್ಟವೇನಲ್ಲ. ಗೇರು ನ್ಯೂಟ್ರಲ್‌ಗೆ ಹಾಕಿ, ಹೆಡ್‌ಲೈಟ್ ಹೊತ್ತಿಸಿ ಕೀ ತಿರುಗಿಸಿ. ದೀಪ ಮಂಕಾದರೆ ಬ್ಯಾಟರಿ, ಅದರ ತಂತಿ, ಸ್ಟಾರ್ಟರ್ ನೋಡಿ. ದೀಪ ಝಗ್ಗನೆ ಉರಿಯುತ್ತಲೇ ಇದ್ದು 'ಟಿಕ್' ಸದ್ದೂ ಬಾರದಿದ್ದರೆ ಗುಮಾನಿ ಸ್ವಿಚ್ಚಿನ ಮೇಲೆ. 12 ವೋಲ್ಟ್ ಬಲ್ಬಿನ ಒಂದು ತಂತಿ ಕಾರಿನ ಬಾಡಿಗೆ, ಇನ್ನೊಂದು ಸ್ವಿಚ್ಚಿಗೆ ಬರುವ ಬ್ಯಾಟರಿ ತಂತಿಗೆ ಮುಟ್ಟಿಸಿ, ಉರಿಯಬೇಕು. ಕೀ ತಿರುಗಿಸಿ ಹಿಡಿದಾಗ ಸ್ಟಾರ್ಟರಿಗೆ ಹೋಗುವ ತಂತಿಯಲ್ಲೂ ಉರಿಯಬೇಕು. ಅಲ್ಲಿ ಉರಿದು ಇಲ್ಲಿ ಉರಿಯದಿದ್ದರೆ ಸ್ವಿಚ್ಚೇ ಅಪರಾಧಿ.

ಸ್ಟಾರ್ಟ್ ಆಗಿ, ಕೀ ಬಿಟ್ಟೊಡನೆ ಇಂಜಿನ್ ನಿಲ್ಲುತ್ತದೆಯೇ? ಆಗಲೂ ಸಂಶಯ ಅದರ ಮೇಲೆಯೇ. ಆ ಕಾರನ್ನು ಊರೆಲ್ಲ ಸೇರಿ ತಳ್ಳಿದರೂ ಓಡದು.

ರಿಪೇರಿಗೆ ಮುನ್ನ ಬ್ಯಾಟರಿ ತಂತಿ ಕಳಚಿ, ತಂತಿಗಳ ಬಣ್ಣ ಬರೆದಿಟ್ಟುಕೊಂಡು ಹೊಸ ಸ್ವಿಚ್ ಹಾಕಬೇಕು. ಏರ್‌ಬ್ಯಾಗ್ ಇರುವ ಹೊಸ ಕಾರಾದರೆ ಮೆಕ್ಯಾನಿಕ್ಕೇ ಗತಿ.

ಸಣ್ಣ ಸ್ವಿಚ್ಚೆಂದು ಅಸಡ್ಡೆ ಬೇಡ. ಓಡುವಾಗಲೇ ಕೀ ಜಾರಿ ಇಂಜಿನ್ ನಿಲ್ಲುವ ದೋಷಕ್ಕಾಗಿ 2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಲಕ್ಷಾಂತರ ಕಾರು ವಾಪಸು ಕರೆಸಿತು. 124 ಸಾವುಗಳಿಗೆ ಪರಿಹಾರ ತೆತ್ತಿತು. ಅಂಗಡಿ ಬೀಗದ ಕೀಲಿಗಳನ್ನೆಲ್ಲ ಕಾರಿನ ಕೀಗೇ ನೇತುಹಾಕುವ ವರ್ತಕರು ಇದನ್ನು ನೆನಪಿಡಲಿ.

ಬ್ಯಾಟರಿಗೆ ಶಿಕ್ಷೆ ವಿಧಿಸುವ ಮುನ್ನ ವಿಚಾರಣೆಯಾದರೂ ಆಗಲಿ!