ಇಂಟರ್ನೆಟ್ ಇಲ್ಲದೆ ವೆಬ್ ಪುಟ ತೆರೆಯುವುದು ಹೇಗೆ?

ಪ್ರಶ್ನೆ: ಕೆಲಸದ ಅವಧಿಯ ಲೆಕ್ಕವಿಡುವ ‘ಕಿಮಾಯ್’ ಎಂಬ ವೆಬ್ ತಂತ್ರಾಂಶವನ್ನು ಲ್ಯಾಪ್‌ಟಾಪ್‌ನಲ್ಲೇ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ವೈಫೈ ಆರಿಸಿದರೂ ಅದು ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದಲ್ಲ, ಹೇಗೆ?

ಬ್ರೌಸರ್‌ಗೆ ಬೇಕಿರುವುದು ಇಂಟರ್ನೆಟ್ ಅಲ್ಲ, ಪುಟ ಕಳಿಸುವ ಒಂದು ಸರ್ವರ್. ಅದನ್ನು ನೀವೇ ಲ್ಯಾಪ್‌ಟಾಪ್‌ನೊಳಗೆ ಕೂರಿಸಿದ್ದೀರಿ. ‘ಲೋಕಲ್‌ಹೋಸ್ಟ್’ ಎಂದು ಟೈಪಿಸಿದರೆ ಅದು ಸಾಮಾನ್ಯವಾಗಿ 127.0.0.1 ಎಂಬ ವಿಳಾಸವಾಗುತ್ತದೆ. 127ರಿಂದ ಶುರುವಾಗುವ ವಿಳಾಸಗಳೆಲ್ಲ ‘ಇದೇ ಯಂತ್ರ’ಕ್ಕೆಂದೇ ಮೀಸಲು, ಆಪರೇಟಿಂಗ್ ಸಿಸ್ಟಮ್ ಆ ಕೋರಿಕೆಯನ್ನು ವೈಫೈವರೆಗೂ ಬಿಡದೆ ಒಳಗೊಳಗೇ ತಿರುಗಿಸುತ್ತದೆ. ಒಂದೇ ವಠಾರದ ಎರಡು ಮನೆಗಳ ನಡುವೆ ಚೀಟಿ ಕೊಡಲು ಅಂಚೆ ಕಚೇರಿ ಯಾಕೆ? ಮನೆ ನಂಬರ್ ಗೊತ್ತಿದ್ದರೆ ಸಾಕು. ಇಲ್ಲಿ ಆ ನಂಬರೇ ಪೋರ್ಟ್. ವಿಳಾಸದ ಕೊನೆಗೆ 8001 ಎಂದಿದ್ದರೆ ಕೋರಿಕೆ ಆ ಬಾಗಿಲು ತಟ್ಟುತ್ತದೆ. ಅಲ್ಲಿ ಕಾದಿರುವ ಪಿಎಚ್‌ಪಿ ಪ್ರೋಗ್ರಾಂ, ಸಾಮಾನ್ಯವಾಗಿ 3306ನೇ ಬಾಗಿಲಲ್ಲಿರುವ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಎಂಬ ಡೇಟಾಬೇಸ್‌ನಿಂದ ನಿಮ್ಮ ಗಂಟೆಗಳ ಲೆಕ್ಕ ತಂದು, ಪುಟ ಹೆಣೆದು ಕೊಡುತ್ತದೆ.

ಅಳವಡಿಸುವಾಗ ಕಡತಗಳನ್ನು ಇಳಿಸಿಕೊಳ್ಳಲಷ್ಟೇ ಇಂಟರ್ನೆಟ್ ಬೇಕಾಯಿತು. ಹಾಗೆಂದು ಇದೇ ವಿಳಾಸವನ್ನು ಗೆಳೆಯರಿಗೆ ಕಳಿಸಬೇಡಿ ಮತ್ತೆ! ಅವರ ಕಂಪ್ಯೂಟರ್ ಅದನ್ನು ತನ್ನೊಳಗೇ ಹುಡುಕಿ, ಏನೂ ಸಿಗದೆ ದೋಷ ತೋರಿಸುತ್ತದೆ.